ಹರಾಜಿನ ಮನೆ: ನಿಮ್ಮ ಪರ ಯಾರಿದ್ದಾರೆ?

ನಮಸ್ಕಾರ. ಬ್ಯಾಂಕ್ ಹರಾಜಿನಲ್ಲಿ ಮನೆ ಅಗ್ಗಕ್ಕೆ ಸಿಗುತ್ತದೆ ಅಂತ ಕಾಯುತ್ತಿರುವವರಿಗೆ ಇವತ್ತು ಒಂದು ಮಾತು. ಕೂಗುವ ಮೊದಲು ನಿಮ್ಮೊಬ್ಬರಿಗಾಗಿಯೇ ಕೆಲಸ ಮಾಡುವ ವಕೀಲರನ್ನು ಹಿಡಿಯಿರಿ.

ಸ್ವಲ್ಪ ಯೋಚಿಸಿ. ಬ್ಯಾಂಕಿಗೆ ತನ್ನ ಸಾಲ ವಸೂಲಾಗಬೇಕು. ಅದರ ಪ್ಯಾನೆಲ್ ವಕೀಲರು ಬ್ಯಾಂಕಿನ ಪರ. ಬ್ರೋಕರ್‌ಗೆ ನೀವು ಕೊಂಡರಷ್ಟೇ ಕಮಿಷನ್, ‘ಇದು ಬೇಡ ಬಿಡಿ’ ಅಂತ ಅವರು ಯಾಕೆ ಹೇಳುತ್ತಾರೆ, ಅಲ್ವಾ?

ಹರಾಜು ಪ್ರಕಟಣೆಯಲ್ಲಿ ಎಲ್ಲರ ಕಣ್ಣು ಮೀಸಲು ಬೆಲೆಯ ಮೇಲೆ, ಅಂದರೆ ಅದಕ್ಕಿಂತ ಕಡಿಮೆಗೆ ಮಾರುವುದಿಲ್ಲ ಅನ್ನುವ ಬೆಲೆಯ ಮೇಲೆ. ಸ್ವಾಧೀನ ಅನ್ನುವ ಕಡೆ ‘ಸಾಂಕೇತಿಕ’ ಅಂತಿದ್ದರೆ, ಬೀಗದ ಕೈ ಇನ್ನೂ ಬ್ಯಾಂಕಿನ ಹತ್ತಿರ ಇಲ್ಲ ಅಂತ ಅರ್ಥ. ನಾನೇ ಇಂಥ ಒಂದು ಮನೆ ನೋಡಲು ಹೋಗಿದ್ದೆ. ಬಾಗಿಲ ಪಕ್ಕ ಬ್ಯಾಂಕಿನ ನೋಟಿಸ್. ಅದರ ಮುಂದೆಯೇ ಹಗ್ಗದ ಮೇಲೆ ಮಗುವಿನ ಸ್ಕೂಲ್ ಯೂನಿಫಾರ್ಮ್ ಒಣಗುತ್ತಿತ್ತು. ಒಳಗಿರುವವರನ್ನು ಬಿಡಿಸಬೇಕೆಂದರೆ ಸರ್ಫೇಸಿ ಕಾಯ್ದೆಯ (ಅಡವಿಟ್ಟ ಆಸ್ತಿ ಮಾರಿ ಸಾಲ ವಸೂಲಿ ಮಾಡಲು ಬ್ಯಾಂಕಿಗೆ ಅಧಿಕಾರ ಕೊಡುವ ಕಾನೂನು) 14ನೇ ಸೆಕ್ಷನ್ ಪ್ರಕಾರ ಬ್ಯಾಂಕು ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬೇಕಾಗುತ್ತದೆ. ಸಾಲಗಾರರು 17ನೇ ಸೆಕ್ಷನ್ ಅಡಿ ಸಾಲ ವಸೂಲಾತಿ ನ್ಯಾಯಮಂಡಳಿಗೂ ಹೋಗಬಹುದು. ಅಲ್ಲಿ ಆಗಲೇ ಕೇಸ್ ಬಿದ್ದಿದೆಯಾ ಅಂತ ಯಾರು ನೋಡಬೇಕು? ಇದೇ ಕೆಲಸದಲ್ಲಿ ಪಳಗಿದವರು ನೋಡಬೇಕು.

ಗಡುವು ಇನ್ನೂ ಬಿಗಿ. ಹರಾಜು ನಿಮ್ಮ ಹೆಸರಿಗೆ ನಿಂತರೆ ಬೆಲೆಯ ಶೇ. 25ರಷ್ಟನ್ನು ಅವತ್ತೇ ಕಟ್ಟಬೇಕು, ಹೆಚ್ಚೆಂದರೆ ಮುಂದಿನ ಕೆಲಸದ ದಿನ. ಹರಾಜಿಗೆ ಸೇರಲು ಮೊದಲೇ ಕಟ್ಟಿದ ಠೇವಣಿ, ಅಂದರೆ ಇ.ಎಂ.ಡಿ., ಅದರಲ್ಲೇ ಸೇರುತ್ತದೆ. ಉಳಿದದ್ದು ಮಾರಾಟ ಖಾಯಂ ಆದ 15 ದಿನದೊಳಗೆ. ಲಿಖಿತವಾಗಿ ಒಪ್ಪಿಗೆ ಸಿಕ್ಕರೆ 3 ತಿಂಗಳವರೆಗೆ. ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲು! ಹೋಮ್ ಲೋನ್ ಬಂದೇ ಬರುತ್ತದೆ ಅಂತ ನಂಬಿ ಕೂಗಿದವರು ಸಿಕ್ಕಿಬೀಳುವುದು ಇಲ್ಲೇ.

ಹಳೇ ಬಾಕಿಗಳೂ ಇವೆ. ‘ಇದ್ದಲ್ಲಿ, ಇದ್ದ ಹಾಗೆ’ ಅಂತ ಮಾರಿದ ಆಸ್ತಿಗೆ ಹಿಂದಿನ ಮಾಲೀಕರ ಕರೆಂಟ್ ಬಾಕಿಯನ್ನು ಕೊಂಡವರಿಂದ ವಸೂಲಿ ಮಾಡಬಹುದು ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಆದ್ದರಿಂದ ಎಲ್ಲ ಥರದ ಕೇಸೂ ನಡೆಸುವ ಪರಿಚಯದ ವಕೀಲರು ಸಾಲದು ಅನ್ನುವುದು ನನ್ನ ಅಭಿಪ್ರಾಯ. ‘ಹರಾಜಿನಲ್ಲಿ ಕೊಂಡ ಎಷ್ಟು ಜನರ ಕೈಗೆ ಬೀಗದ ಕೈ ಕೊಡಿಸಿದ್ದೀರಿ?’ ಅಂತ ನೇರವಾಗಿ ಕೇಳಿ. ಸಂಕೋಚ ಬೇಡ. ಫೀಸು ಮೊದಲೇ ಮಾತಾಡಿಕೊಳ್ಳಿ. ನೀವು ಕೊಂಡರೂ ಅಷ್ಟೇ, ಬಿಟ್ಟರೂ ಅಷ್ಟೇ ಇರಲಿ. ಆಗಲೇ ಅವರ ಬಾಯಲ್ಲಿ ‘ಬೇಡ’ ಅನ್ನುವ ಮಾತು ಸಲೀಸಾಗಿ ಬರುತ್ತದೆ.

ಆ ಯೂನಿಫಾರ್ಮ್ ಒಣಗುತ್ತಿದ್ದ ಮನೆಯ ಕಾಗದಗಳನ್ನು ನನ್ನ ವಕೀಲರು ಎರಡು ದಿನ ಕೂತು ನೋಡಿದರು. ಬೇಡ ಅಂದರು. ನಾನು ಕೂಗಲಿಲ್ಲ. ಫೀಸು ಪೂರ್ತಿ ಕೊಟ್ಟು ಬಂದೆ.