ಬಾತುಕೋಳಿಯ ಬಾಯಲ್ಲಿ ಮಗುವಿನ ನೋವು

ಕೇಳುಗರೆಲ್ಲರಿಗೂ ನಮಸ್ಕಾರ.

ಕ್ಯಾನ್ಸರ್ ವಾರ್ಡಿನಲ್ಲಿ ಮಲಗಿರುವ ನಾಲ್ಕೈದು ವರ್ಷದ ಮಗುವನ್ನು ‘ನೋವಿದೆಯಾ ಪುಟ್ಟಾ?’ ಎಂದು ಕೇಳಿ ನೋಡಿ. ನೋವಿದ್ದರೂ ಎಷ್ಟೋ ಸಲ ಇಲ್ಲವೆಂದೇ ತಲೆಯಾಡಿಸುತ್ತದೆ. ಹೌದೆಂದರೆ ಮತ್ತೊಂದು ಸೂಜಿ ಚುಚ್ಚುತ್ತಾರೆ, ಮನೆಗೆ ಹೋಗುವುದು ತಡವಾಗುತ್ತದೆ, ಅಮ್ಮ ಅಳುತ್ತಾಳೆ. ಇಷ್ಟೆಲ್ಲ ಆ ಪುಟ್ಟ ತಲೆಗೆ ಹೊಳೆದಿರುತ್ತದೆ. ಸೊನ್ನೆಯಿಂದ ಹತ್ತರೊಳಗೆ ನೋವಿಗೆ ಅಂಕ ಕೊಡಿ ಎಂದು ದೊಡ್ಡವರನ್ನು ಕೇಳಬಹುದು. ಈ ವಯಸ್ಸಿಗೆ ಅದು ನಿಲುಕುವುದಿಲ್ಲ.

ಅಮೆರಿಕದಲ್ಲಿ ಇಂಥ ಮಕ್ಕಳಿಗಾಗಿ 2018ರಲ್ಲಿ ಒಂದು ರೋಬಾಟ್ ಬಾತುಕೋಳಿ ಬಂದಿತು. ತಯಾರಿಸಿದ್ದು ಸ್ಪ್ರೌಟೆಲ್ ಎಂಬ ಸಣ್ಣ ಕಂಪನಿ. ಖರ್ಚು ಅಫ್ಲಾಕ್ ವಿಮಾ ಸಂಸ್ಥೆಯದು. ಮನೆಯವರು ಹಣ ಕೊಡಬೇಕಾಗಿಲ್ಲ. ಮೈ ಮೆತ್ತಗೆ, ಹೊದಿಕೆಯನ್ನು ಬಿಚ್ಚಿ ಒಗೆಯಬಹುದು. ಅದರ ಎದೆಗೆ ಆಟಿಕೆಯ ಕೊಳವೆ ಜೋಡಿಸಿ ಮಗುವೇ ಬಾತಿಗೆ ಕೀಮೋಥೆರಪಿ ಕೊಡಬಹುದು. ಜೊತೆಯಲ್ಲಿ ಮುಖಭಾವಗಳ ಚಿತ್ರವಿರುವ ಕಾರ್ಡುಗಳಿವೆ. ತನಗೆ ಹೇಗಾಗುತ್ತಿದೆಯೋ ಆ ಕಾರ್ಡನ್ನು ಮಗು ಆರಿಸಿ ಬಾತಿನ ಎದೆಗೆ ತಾಗಿಸಿದರೆ ಸಾಕು, ಬಾತು ಅದನ್ನೇ ಅಭಿನಯಿಸುತ್ತದೆ. ಖುಷಿಯ ಕಾರ್ಡಿಗೆ ಉಲ್ಲಾಸದ ಕೂಗು, ಸಂಕಟದ ಕಾರ್ಡಿಗೆ ನರಳಾಟ. ‘ನನಗೆ ನೋವು’ ಎನ್ನಲು ಅಂಜುವ ಮಗು, ‘ಬಾತಿಗೆ ಹುಷಾರಿಲ್ಲ’ ಎಂದು ಧೈರ್ಯವಾಗಿ ಹೇಳಬಹುದು.

ಮುಖದ ಸ್ನಾಯುಗಳ ಚಲನೆಯನ್ನು ಕ್ಯಾಮೆರಾದಿಂದ ಗುರುತಿಸಿ ನೋವನ್ನು ಅಳೆಯಲು ನೆರವಾಗುವ ತಂತ್ರಾಂಶಗಳೂ ಇವೆ. ಆಸ್ಟ್ರೇಲಿಯದ ಪೇನ್‌ಚೆಕ್ ಅಂಥದ್ದು. ಮರೆವಿನ ಕಾಯಿಲೆಯಿಂದ ಮಾತು ಕಳೆದುಕೊಂಡ ವೃದ್ಧರಿಗೆ ಅದು ನಿಜಕ್ಕೂ ಬೇಕು. ಆದರೆ ಕಾರ್ಡು ಎತ್ತಿಕೊಳ್ಳಬಲ್ಲ ಮಗುವಿನ ನೋವನ್ನು ಅದರ ಮುಖದಿಂದ ಕದ್ದು ಓದುವುದಕ್ಕಿಂತ, ಹೇಳುವ ಹಕ್ಕನ್ನು ಅದಕ್ಕೇ ಬಿಡುವುದು ಸರಿ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ನೋವಿನ ಅಧ್ಯಯನಕ್ಕಾಗಿಯೇ ಇರುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿದಾಗ, ಮಾತು ನೋವನ್ನು ತಿಳಿಸುವ ಹಲವು ಬಗೆಗಳಲ್ಲಿ ಒಂದು ಮಾತ್ರ, ಹೇಳಲಾಗದವರಿಗೂ ನೋವಿರಬಹುದು ಎಂದು ಸ್ಪಷ್ಟವಾಗಿ ಬರೆಯಿತು.

ಬಾತು ನರಳಿತೆಂದರೆ ಎಲ್ಲವೂ ತಿಳಿಯಿತೆಂದಲ್ಲ. ಎಲ್ಲಿ ನೋವು, ಯಾವಾಗಿನಿಂದ ಎಂಬುದನ್ನು ಅದು ಹೇಳಲಾರದು. ಹಾಸಿಗೆಯ ಪಕ್ಕದಲ್ಲಿರುವ ನರ್ಸಮ್ಮನೋ ತಾಯಿಯೋ ಅದನ್ನು ಹುಡುಕಬೇಕು. ಕೀಮೋಥೆರಪಿಯಲ್ಲಿ ಬಾಯಿಹುಣ್ಣು ಸಾಮಾನ್ಯ. ಊಟ ಬೇಡವೆನ್ನುವ ಮಗುವನ್ನು ಹಟಮಾರಿ ಎಂದು ಗದರುವ ಮೊದಲು, ಟಾರ್ಚ್ ಹಿಡಿದು ಒಮ್ಮೆ ಅದರ ಬಾಯಿಯೊಳಗೆ ನೋಡಿ.

ನಮಸ್ಕಾರ.