ಚರಣ್‌ಜಿತ್ ಸಿಂಗ್ ಅವರನ್ನು ಮತ್ತೆ ಕೇಳಿದಾಗ

ಕೇಳುಗರಿಗೆ ನಮಸ್ಕಾರ.

ಇವತ್ತು ಮುಂಬೈಯಲ್ಲೇ ಹುಟ್ಟಿದ ಒಂದು ಎಲ್‌ಪಿ ರೆಕಾರ್ಡಿನ ಬಗ್ಗೆ ಮಾತಾಡುತ್ತೇನೆ. 1982ರದ್ದು. ಹೊರತಂದದ್ದು ಎಚ್‌ಎಂವಿ. ಹೆಸರು 'ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್'. ಒಳಗೆ ಏನಿದೆ ಅಂತ ಹೆಸರೇ ಹೇಳಿಬಿಡುತ್ತದೆ. ಲಲಿತ್, ಭೂಪಾಲಿ, ತೋಡಿ, ಮಧುವಂತಿ, ಮೇಘ ಮಲ್ಹಾರ್, ಯಮನ್, ಕಲಾವತಿ, ಮಾಲ್ಕಂಸ್, ಬೈರಾಗಿ ಹೀಗೆ ಹತ್ತು ರಾಗಗಳು. ಒಂದೊಂದೂ ಹೆಚ್ಚುಕಡಿಮೆ ಐದು ನಿಮಿಷ. ತಬಲಾ ಇಲ್ಲ, ತಂಬೂರಿ ಇಲ್ಲ. ಎಲ್ಲವನ್ನೂ ನುಡಿಸಿದ್ದು ಎಲೆಕ್ಟ್ರಾನಿಕ್ ಯಂತ್ರಗಳಲ್ಲಿ. ನುಡಿಸಿದವರು ಒಬ್ಬರೇ, ಚರಣ್‌ಜಿತ್ ಸಿಂಗ್.

ಆಗ ಈ ರೆಕಾರ್ಡು ಓಡಲಿಲ್ಲ. ಶಾಸ್ತ್ರೀಯ ಸಂಗೀತದವರಿಗೆ ಇದು ಬೇಡವಾಯಿತು. ಡಿಸ್ಕೋ ಬೇಕೆಂದವರಿಗೆ ಇದರಲ್ಲಿ ಹಾಡೇ ಇರಲಿಲ್ಲ. ಇಪ್ಪತ್ತು ವರ್ಷ ಅಂಗಡಿಗಳ ಮೂಲೆಯಲ್ಲಿ ಧೂಳು ತಿಂದಿತು. 2002ರಲ್ಲಿ ಎಡೋ ಬೌಮನ್ ಎಂಬ ಡಚ್ ಸಂಗ್ರಾಹಕರಿಗೆ ದೆಹಲಿಯಲ್ಲಿ ಒಂದು ಪ್ರತಿ ಸಿಕ್ಕಿತು. ಅವರು ಮುಂಬೈಗೆ ಬಂದು ಚರಣ್‌ಜಿತ್ ಸಿಂಗ್ ಅವರನ್ನು ಹುಡುಕಿ ಭೇಟಿಯಾದರು. 2010ರಲ್ಲಿ ತಮ್ಮ 'ಬಾಂಬೆ ಕನೆಕ್ಷನ್' ಎಂಬ ರೆಕಾರ್ಡ್ ಕಂಪನಿಯಿಂದ ಅದನ್ನು ಮತ್ತೆ ಹೊರತಂದರು. ಅಲ್ಲಿಂದ ಶುರುವಾಯಿತು ನೋಡಿ, ಜಗಳ.

ಒಂದು ಗುಂಪು ಹೇಳಿತು, ಇದು ಪ್ರಪಂಚದ ಮೊದಲ ಆಸಿಡ್ ಹೌಸ್ ಸಂಗೀತ. ಆಸಿಡ್ ಹೌಸ್ ಅಂದರೆ ಷಿಕಾಗೋದ ಡಾನ್ಸ್ ಕ್ಲಬ್ಬುಗಳಲ್ಲಿ ಬೆಳೆದ ಒಂದು ಬಗೆ. ಅದರ ಗುರುತು ಒಂದು ಯಂತ್ರದ ನುಲಿಯುವ, ಕಿರುಗುಟ್ಟುವ ಬೇಸ್, ಅಂದರೆ ಕೆಳಸ್ಥಾಯಿಯ ದನಿ. ಅಲ್ಲಿ ಫ್ಯೂಚರ್ ಎಂಬ ತಂಡದ 'ಆಸಿಡ್ ಟ್ರ್ಯಾಕ್ಸ್' ಬಂದದ್ದು 1987ರಲ್ಲಿ. ಮುಂಬೈಯ ರೆಕಾರ್ಡು ಅದಕ್ಕಿಂತ ಐದು ವರ್ಷ ಮೊದಲಿನದು, ಅದೇ ಯಂತ್ರ, ಅದೇ ದನಿ! ಇನ್ನೊಂದು ಗುಂಪಿಗೆ ನಂಬಿಕೆಯೇ ಬರಲಿಲ್ಲ. ಯಾರೋ ಈಗಿನವರು ತಮಾಷೆಗೆ ಮಾಡಿ ಹಳೆಯ ಹೆಸರು ಅಂಟಿಸಿದ್ದಾರೆ ಅಂತ ಅನುಮಾನಪಟ್ಟರು. ಇಂಗ್ಲೆಂಡಿನ ಎಲೆಕ್ಟ್ರಾನಿಕ್ ಸಂಗೀತಗಾರ ಏಫೆಕ್ಸ್ ಟ್ವಿನ್ ಮೇಲೂ ಆ ಅನುಮಾನ ಹೋಗಿತ್ತು. ಮತ್ತೆ ನಮ್ಮ ಕಡೆಯವರ ಗುಂಪು ಇದ್ದೇ ಇದೆ. ಕಿವಿ ತುಂಬ ಖಯಾಲ್, ಅಂದರೆ ರಾಗವನ್ನು ನಿಧಾನಕ್ಕೆ ಬೆಳೆಸುವ ಹಿಂದುಸ್ತಾನಿ ಗಾಯನ, ಕೇಳಿ ಬೆಳೆದವರು. ಐದು ನಿಮಿಷದಲ್ಲಿ ತೋಡಿ ಮುಗಿಯುತ್ತಾ ಅಂತ ಅವರ ಪ್ರಶ್ನೆ.

ನನಗೆ ಈ ರೆಕಾರ್ಡು ತುಂಬ ಇಷ್ಟ. ಆದರೆ 'ಮೊದಲನೆಯದು' ಎಂಬ ಹೊಗಳಿಕೆಯೇ ಅದಕ್ಕೆ ಅಡ್ಡ ಬಂದಿದೆ ಅಂತ ನನ್ನ ಅನಿಸಿಕೆ. ಷಿಕಾಗೋದ ಹುಡುಗರು ಮುಂಬೈಯ ಈ ರೆಕಾರ್ಡು ಕೇಳಿರಲಿಲ್ಲ. ಚರಣ್‌ಜಿತ್ ಸಿಂಗ್ ಷಿಕಾಗೋಗೆ ದಾರಿ ತೋರಿಸಲೂ ಹೊರಟಿರಲಿಲ್ಲ. ಇಬ್ಬರ ಕೈಗೂ ಒಂದೇ ಯಂತ್ರ ಸಿಕ್ಕಿತು, ಅಷ್ಟೇ. ಚರಣ್‌ಜಿತ್ ಸಿಂಗ್ ಆ ಯಂತ್ರವನ್ನು ಯಾಕೆ ಮುಟ್ಟಿದರು, ರಾಗವನ್ನು ಹೇಗೆ ನಡೆಸಿಕೊಂಡರು ಅನ್ನೋದನ್ನು ಕೇಳಿದರೆ ರೆಕಾರ್ಡು ಇನ್ನೂ ದೊಡ್ಡದಾಗಿ ಕಾಣುತ್ತದೆ.

ಚರಣ್‌ಜಿತ್ ಸಿಂಗ್ ಹಿಂದಿ ಸಿನಿಮಾದ ಸ್ಟುಡಿಯೋ ವಾದ್ಯಗಾರರು. ಸ್ಟೀಲ್ ಗಿಟಾರ್, ಬೇಸ್ ಗಿಟಾರ್, ಕೀಬೋರ್ಡ್ ಎಲ್ಲವನ್ನೂ ನುಡಿಸುತ್ತಿದ್ದರು. ಆರ್. ಡಿ. ಬರ್ಮನ್ ಅವರ 'ದಮ್ ಮಾರೋ ದಮ್' ಹಾಡಿನಲ್ಲಿ ಟ್ರಾನ್ಸಿಕಾರ್ಡ್ ಎಂಬ ಎಲೆಕ್ಟ್ರಾನಿಕ್ ಅಕಾರ್ಡಿಯನ್ ಕೇಳಿಸುತ್ತದಲ್ಲ, ಅದು ಇವರ ಕೈ. ಆ ಕಾಲದ ಮುಂಬೈ ಸ್ಟುಡಿಯೋಗಳಲ್ಲಿ ನೂರು ಜನ ವಾದ್ಯಗಾರರು ಒಟ್ಟಿಗೆ ಕೂರುವುದೂ ಇತ್ತು. ಗೋವಾದಿಂದ ಬಂದ ಅರೇಂಜರ್‌ಗಳು ಸ್ವರ ಬರೆದು ಕೊಡುತ್ತಿದ್ದರು. ನೋಡಿದ ಕೂಡಲೇ ನುಡಿಸಬೇಕು. ಟೇಕ್ ಆಯಿತೋ, ಮುಂದಿನ ಹಾಡು. ರೆಕಾರ್ಡಿನ ಹೊದಿಕೆಯ ಮೇಲೆ ಇವರ ಹೆಸರು ಬರುತ್ತಿದ್ದದ್ದು ಅಪರೂಪ. ಮಾಟುಂಗಾದಲ್ಲೋ ಮಾಹಿಮ್‌ನಲ್ಲೋ ಹೋಟೆಲಿನ ರೇಡಿಯೋದಲ್ಲಿ ಆ ಹಾಡುಗಳನ್ನು ಕೇಳುತ್ತಾ ದುಡಿದ ನಮ್ಮ ಉಡುಪಿ, ಕುಂದಾಪುರದ ಜನಕ್ಕೆ ಗಾಯಕರ ಹೆಸರು ಗೊತ್ತಿತ್ತು, ಸಂಗೀತ ನಿರ್ದೇಶಕರ ಹೆಸರು ಗೊತ್ತಿತ್ತು. ನುಡಿಸಿದವರ ಹೆಸರು ಯಾರಿಗೆ ಗೊತ್ತಿತ್ತು ಹೇಳಿ?

ಆಗ ಎಲ್ಲೆಲ್ಲೂ ಡಿಸ್ಕೋ. ಬೆಂಗಳೂರಿನಲ್ಲಿ ಹುಟ್ಟಿದ ಬಿದ್ದು ಅಪ್ಪಯ್ಯ ಲಂಡನ್ನಿನಲ್ಲಿ ಕೂತು 1980ರ 'ಕುರ್ಬಾನಿ' ಸಿನಿಮಾಗೆ 'ಆಪ್ ಜೈಸಾ ಕೋಯಿ' ಮಾಡಿಕೊಟ್ಟರು. ಆ ಹಾಡು ದೇಶವನ್ನೇ ಕುಣಿಸಿತು. ಬಪ್ಪಿ ಲಹಿರಿಯವರು ಅದನ್ನು ಇನ್ನೂ ದೂರ ಒಯ್ದರು. ಸ್ಟುಡಿಯೋದಲ್ಲಿ ದಿನವೂ ಅದೇ ತಾಳ. ಇದೇ ತಾಳದ ಮೇಲೆ ರಾಗ ಇಟ್ಟರೆ ಹೇಗೆ ಅಂತ ಚರಣ್‌ಜಿತ್ ಸಿಂಗ್ ಅವರಿಗೆ ಅನಿಸಿತು. ಎಂಥ ಸರಳ ಯೋಚನೆ. ಯಾರೂ ಅವರಿಂದ ಇದನ್ನು ಕೇಳಿರಲಿಲ್ಲ.

ಈಗ ಆ ಯಂತ್ರಗಳ ಕಡೆ ಬರೋಣ. ಮೂರೂ ಜಪಾನಿನ ರೋಲ್ಯಾಂಡ್ ಕಂಪನಿಯವು. ಮೇಲಿನ ರಾಗಕ್ಕೆ ಜುಪಿಟರ್-8 ಎಂಬ ದೊಡ್ಡ ಕೀಬೋರ್ಡು. ತಾಳಕ್ಕೆ ಟಿಆರ್-808. ಬೇಸಿಗೆ ಟಿಬಿ-303. ಈ 303 ಇದೆಯಲ್ಲ, ಅದೇ ಕಥೆಯ ನಾಯಕ. ಬೆಳ್ಳಿ ಬಣ್ಣದ ಒಂದು ಪುಟ್ಟ ಪೆಟ್ಟಿಗೆ. ಹದಿಮೂರೇ ಕೀಲಿ, ಅಂದರೆ ಒಂದು ಸಪ್ತಕ ಮಾತ್ರ. ಮೇಲ್ಗಡೆ ಸಾಲಾಗಿ ತಿರುಗುಗುಂಡಿಗಳು. ಒಬ್ಬಂಟಿಯಾಗಿ ಅಭ್ಯಾಸ ಮಾಡುವ ಗಿಟಾರ್‌ನವರಿಗೆ ಬೇಸ್ ಜೊತೆ ಕೊಡಲಿ ಅಂತ ಮಾಡಿದ್ದು. ಆದರೆ ಅದರ ದನಿ ನಿಜವಾದ ಬೇಸ್ ಗಿಟಾರಿನ ಹತ್ತಿರವೂ ಇರಲಿಲ್ಲ. 1981ರ ಕೊನೆಗೆ ಬಂದದ್ದು 1984ರಲ್ಲಿ ನಿಂತೇ ಹೋಯಿತು. ಅಷ್ಟರಲ್ಲಿ ತಯಾರಾದದ್ದು ಸುಮಾರು ಹತ್ತು ಸಾವಿರ. ಆಮೇಲೆ ಅಮೆರಿಕದಲ್ಲಿ ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗತೊಡಗಿತು. ಷಿಕಾಗೋದ ಹುಡುಗರ ಕೈ ಸೇರಿದ್ದು ಹಾಗೆ. ಚರಣ್‌ಜಿತ್ ಸಿಂಗ್ ಅದನ್ನು ಕೊಂಡದ್ದು ಅದು ಹೊಸದಾಗಿದ್ದಾಗ, ಬಳಸಿದ್ದು ಹೊಸ ವಾದ್ಯ ಎಂಬ ಗೌರವದಿಂದ.

ಅದರಲ್ಲಿ ಒಂದು ಸಾಲು ತುಂಬಿಸುವುದು ಸುಲಭವಲ್ಲ. ಮೊದಲು ಬರೀ ಸ್ವರಗಳನ್ನು ಒಂದರ ಹಿಂದೆ ಒಂದು ಒತ್ತಬೇಕು, ಸಾ, ಗ, ಮ, ದ, ಹೀಗೆ. ಆಮೇಲೆ ಬೇರೆಯಾಗಿ ಕಾಲ ತುಂಬಿಸಬೇಕು. ಯಾವುದು ಎಷ್ಟು ಉದ್ದ, ಎಲ್ಲಿ ಬಿಡುವು ಅಂತ. ಎಲ್ಲಿ ಒತ್ತು ಬೀಳಬೇಕು, ಎಲ್ಲಿ ಒಂದು ಸ್ವರ ಇನ್ನೊಂದಕ್ಕೆ ಜಾರಬೇಕು ಅನ್ನೋದನ್ನೂ ಗುರುತು ಮಾಡಬೇಕು. ಒಂದು ಸಾಲಿಗೆ ಹದಿನಾರು ಹೆಜ್ಜೆ. ಪಾಶ್ಚಾತ್ಯರಿಗೆ ಈ ಪದ್ಧತಿ ದೊಡ್ಡ ತಲೆನೋವಾಗಿತ್ತು. ಸ್ವರ ಬೇರೆ, ಲಯ ಬೇರೆ ಅಂತ ಚಿಕ್ಕಂದಿನಿಂದ ಕಲಿತ ನಮ್ಮವರಿಗೆ ಅದು ಅಷ್ಟು ವಿಚಿತ್ರ ಅನಿಸಿರಲಾರದು.

ಈ ರೆಕಾರ್ಡನ್ನು ಡೊಂಬಿವಲಿಯ ನಮ್ಮ ಮನೆಯಲ್ಲಿ ಒಂದು ಭಾನುವಾರ ಎಲ್ಲರಿಗೂ ಕೇಳಿಸಿದೆ. ನಮ್ಮ ಅತ್ತೆ ಧಾರವಾಡದವರು, ಹಿಂದುಸ್ತಾನಿ ಗಾಯನ ಕಲಿತವರು. ಪುಣೆಯಿಂದ ಅವರ ಮೊಮ್ಮಗನೂ ಬಂದಿದ್ದ. ಅವನು ವಾರಾಂತ್ಯದಲ್ಲಿ ಡಿಜೆ ಕೆಲಸ ಮಾಡುತ್ತಾನೆ. ಗೋವಾದ ಅಂಜುನಾ ಕಡೆಗೂ ಹೋಗಿಬರುತ್ತಾನೆ. 303ರ ದನಿ ಕೇಳಿದ ಕೂಡಲೇ ಅವನ ಮುಖ ಅರಳಿತು. ಅತ್ತೆಯ ಮುಖ ಗಂಟಿಕ್ಕಿತು.

"ತಂಬೂರಿ ಎಲ್ಲದ? ಸ್ವರ ಎಲ್ಲಾ ಬರೋಬರಿ ಅದಾವ, ಆದ್ರ ರಾಗ ಉಸಿರಾಡ್ಲಿಕ್ಕೆ ಬಿಡವಲ್ಲ" ಅಂದರು.

"ಅಜ್ಜಿ, ಕೆಳಗಿನ ಸಾಲು ಅಷ್ಟೇ ಕೇಳು. ಮ್ಯಾಲಿಂದು ಬಿಡು" ಅಂದ ಹುಡುಗ.

ಅತ್ತೆ ಸುಮ್ಮನೆ ಕೇಳಿದರು. ಕೈಬೆರಳು ತಾನಾಗಿಯೇ ಎಣಿಸತೊಡಗಿತು. ಮಾಲ್ಕಂಸ್ ಅರ್ಧಕ್ಕೆ ಬಂದಿರಬೇಕು, ತಟ್ಟನೆ ಹೇಳಿದರು: "ಇದು ಲೆಹರಾ ಅಲ್ಲೇನೋ!"

ಲೆಹರಾ ಗೊತ್ತಲ್ಲ? ತಬಲಾ ಸೋಲೋ ನಡೆಯುವಾಗ ಹಾರ್ಮೋನಿಯಂನವರೋ ಸಾರಂಗಿಯವರೋ ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತಾರೆ. ತೀನ್‌ತಾಲ ಎಂಬ ತಾಳವಾದರೆ ಹದಿನಾರು ಮಾತ್ರೆ, ಅಂದರೆ ಹದಿನಾರು ಎಣಿಕೆ. ಸಾಲು ಬದಲಾಗುವುದಿಲ್ಲ, ತಬಲಾದವರು ಅದರ ಮೇಲೆ ಏನೆಲ್ಲ ಕಟ್ಟುತ್ತಾರೆ. ಅತ್ತೆಯ ಮಾತು ಸರಿ ಅನಿಸಿತು. ಚರಣ್‌ಜಿತ್ ಸಿಂಗ್ ಅವರ 303 ಮಾಡುತ್ತಿರುವುದು ಅದನ್ನೇ. ರಾಗದ ಸ್ವರಗಳ ಒಂದು ಸಾಲು ಕೆಳಗೆ ಸುತ್ತುತ್ತಲೇ ಇರುತ್ತದೆ. ಮೇಲೆ ಜುಪಿಟರ್‌ನಲ್ಲಿ ರಾಗ ಅಡ್ಡಾಡುತ್ತದೆ. ಯಂತ್ರದ ಹದಿನಾರು ಹೆಜ್ಜೆಗೂ ತೀನ್‌ತಾಲದ ಹದಿನಾರಕ್ಕೂ ನಂಟಿಲ್ಲ, ಅದು ಕಾಕತಾಳೀಯ. ಆದರೆ ಒಂದು ಸಾಲು ಸುತ್ತುತ್ತಿರುವಾಗಲೇ ಮನಸ್ಸು ಮೇಲೆ ಹೋಗುವ ಅಭ್ಯಾಸ ನಮ್ಮ ಕಿವಿಗೆ ಹಳೆಯದು. ಷಿಕಾಗೋ ಲೆಕ್ಕದಲ್ಲಿ ಕೇಳಿದವರಿಗೆ ಇದು ಕಾಣುವುದೇ ಇಲ್ಲ. ಅವರು ಬೇಸ್ ಮಾತ್ರ ಕೇಳುತ್ತಾರೆ. ನಮ್ಮ ಪಂಡಿತರು ಮೇಲಿನದು ಮಾತ್ರ ಕೇಳುತ್ತಾರೆ. ಎರಡನ್ನೂ ಒಟ್ಟಿಗೆ ಕೇಳಿದಾಗ ರೆಕಾರ್ಡು ತೆರೆದುಕೊಳ್ಳುತ್ತದೆ.

ಹಾಗಂತ ಪಂಡಿತರ ಆಕ್ಷೇಪ ಸುಳ್ಳು ಅಂತ ಅಲ್ಲ. ಅವರ ಕಿವಿ ಎಂಥದು ನೋಡಿ. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಉತ್ಸವ ಶುರು ಮಾಡಿದರಲ್ಲ, ಅಲ್ಲಿ ರಾತ್ರಿಯಿಡೀ ಕೂತು ಕೇಳಿದ ಜನ ಅವರು. ತೋಡಿಯ ಗಾಂಧಾರ ಎಷ್ಟು ಇಳಿಯಬೇಕು ಅನ್ನೋದು ಅವರಿಗೆ ಗೊತ್ತು. ಕೀಬೋರ್ಡಿನಲ್ಲಿ ಆ ಜಾಗವೇ ಇಲ್ಲ. ಎರಡು ಕೀಲಿಗಳ ನಡುವೆ ಎಲ್ಲೋ ಇದೆ ಅದು. 303ಕ್ಕೆ ಜಾರುವುದು ಬರುತ್ತದೆ, ಆದರೆ ನಡುದಾರಿಯಲ್ಲಿ ನಿಲ್ಲುವುದು ಬರುವುದಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್‌ನ ಜೀವ ಇರುವುದೇ ಆ ನಿಲ್ಲುವುದರಲ್ಲಿ, ಅಲ್ವಾ?

ಇದೇ ಕಾರಣಕ್ಕೆ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿತ್ತು. ಸ್ಥಿರವಾದ ಕೀಲಿಗಳು, ಶ್ರುತಿ ಇಲ್ಲ, ಗಮಕ ಇಲ್ಲ ಅಂತ. ಆ ನಿಷೇಧ ಸಡಿಲವಾಗಿದ್ದು 1971ರಲ್ಲಿ. ಆ ಮೂವತ್ತು ವರ್ಷಗಳಲ್ಲಿ ಹಾರ್ಮೋನಿಯಂ ಏನೂ ಬದಲಾಗಲಿಲ್ಲ. ಇವತ್ತು ಹಾರ್ಮೋನಿಯಂ ಇಲ್ಲದ ಖಯಾಲ್ ಕಛೇರಿ ಅಪರೂಪ. ಅದರ ಮಿತಿ ಇದ್ದಲ್ಲೇ ಇದೆ. ನುಡಿಸುವವರು ಆ ಮಿತಿಯೊಳಗೆ ಎಲ್ಲಿ ಸುಮ್ಮನಿರಬೇಕು ಅನ್ನೋದನ್ನು ಕಲಿತರು. ಸಿಂಥಸೈಸರಿಗೂ, ಅಂದರೆ ಈ ಎಲೆಕ್ಟ್ರಾನಿಕ್ ಯಂತ್ರಗಳಿಗೂ, ಆ ಅವಕಾಶ ಸಿಗಬೇಕಿತ್ತು. ಈ ರೆಕಾರ್ಡು ಓಡಿದ್ದರೆ ಎರಡನೆಯದು ಬರುತ್ತಿತ್ತೇನೋ, ಮೂರನೆಯದು ಬರುತ್ತಿತ್ತೇನೋ. ಅದು ತಪ್ಪಿಹೋಯಿತಲ್ಲ ಅಂತ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತದೆ.

ಹಾಗಾದರೆ ಹತ್ತೂ ಚೆನ್ನಾಗಿವೆಯೇ? ಇಲ್ಲ. ತೋಡಿ ನನಗೆ ಒಗ್ಗುವುದಿಲ್ಲ, ಮೇಲೆ ಹೇಳಿದ ಕಾರಣಕ್ಕೇ. ಯಮನ್ ಸೊಗಸಾಗಿದೆ, ಆದರೆ ಸಿನಿಮಾದ ನೆರಳು ಜಾಸ್ತಿ. ಲಲಿತ್ ಮಾತ್ರ ಬೇರೆ. ಆ ರಾಗದಲ್ಲಿ ಪಂಚಮ ಇಲ್ಲ, ಎರಡು ಮಧ್ಯಮಗಳು ಒಂದರ ಪಕ್ಕ ಒಂದು ಬರುತ್ತವೆ. ಬಾಯಲ್ಲಿ ಹಾಡುವಾಗ ಅದು ಎಂಥವರಿಗೂ ಪರೀಕ್ಷೆ. ಯಂತ್ರಕ್ಕೆ ಆ ಕಷ್ಟವಿಲ್ಲ, ಎರಡೂ ಥಟ್ಟನೆ ಬೀಳುತ್ತವೆ. ಬೆಳಗಿನ ಜಾವದ ಆ ರಾಗದ ಕಳವಳ ಇಲ್ಲಿ ಹೊಸ ರೀತಿಯಲ್ಲಿ ಮುಟ್ಟುತ್ತದೆ. ಇನ್ನು ಐದು ಸ್ವರದ ರಾಗಗಳು ಈ ಯಂತ್ರಗಳಿಗೆ ಹೇಳಿ ಮಾಡಿಸಿದ ಹಾಗಿವೆ. ಮಾಲ್ಕಂಸ್ ಅಂದರೆ ನಮ್ಮ ದಕ್ಷಿಣದ ಹಿಂದೋಳ. ಕಲಾವತಿ ಅಂದರೆ ವಲಚಿ. ಸ್ವರ ಕಡಿಮೆ, ನಡುವೆ ಜಾಗ ಜಾಸ್ತಿ. ಕಲಾವತಿಯಲ್ಲಿ ಗಾಂಧಾರದಿಂದ ಪಂಚಮಕ್ಕೆ ನೇರ ಹಾರುವಾಗ ಬೇಸಿನ ಜಾರು ಕೆಳಗಿನಿಂದ ಬಂದು ಎತ್ತಿ ಹಿಡಿಯುತ್ತದೆ. ಅದನ್ನು ಕೇಳಿದಾಗಲೆಲ್ಲ ಖುಷಿಯಾಗುತ್ತದೆ.

ಚರಣ್‌ಜಿತ್ ಸಿಂಗ್ ಅವರಿಗೆ ಕೊನೆಗಾಲದಲ್ಲಿ ಒಂದಿಷ್ಟು ಮನ್ನಣೆ ಸಿಕ್ಕಿತು. ಎಪ್ಪತ್ತು ದಾಟಿದ ಮೇಲೆ ಯುರೋಪಿಗೆ ಹೋಗಿ ಈ ರಾಗಗಳನ್ನು ವೇದಿಕೆಯ ಮೇಲೆ ನುಡಿಸಿದರು. ಎದುರಿಗೆ ಮೊಮ್ಮಕ್ಕಳ ವಯಸ್ಸಿನವರು ಕುಣಿಯುತ್ತಿದ್ದರು. 2015ರ ಜುಲೈನಲ್ಲಿ ಮುಂಬೈಯಲ್ಲೇ ತೀರಿಕೊಂಡರು. ಅವರು ದುಡಿದ ಊರಿನಲ್ಲಿ ಅವರ ಹೆಸರು ಇನ್ನೂ ಜಾಸ್ತಿ ಜನರ ಬಾಯಲ್ಲಿ ಇರಬೇಕಿತ್ತು. ಮುಂಬೈಯ ಕನ್ನಡದ ಮನೆಗಳಲ್ಲೂ.

ಕೇಳಬೇಕು ಅನ್ನಿಸಿದವರಿಗೆ ಒಂದೆರಡು ಮಾತು. ಮೊಬೈಲಿನ ಸ್ಪೀಕರಿನಲ್ಲಿ ಕೇಳಬೇಡಿ, ಬೇಸ್ ಕೇಳಿಸುವುದೇ ಇಲ್ಲ, ಅರ್ಧ ರೆಕಾರ್ಡು ಹೋದಂತೆ. ಹೆಡ್‌ಫೋನ್ ಇಟ್ಟುಕೊಳ್ಳಿ, ಇಲ್ಲವೇ ಒಳ್ಳೆಯ ಸ್ಪೀಕರ್ ಇರುವವರ ಮನೆಗೆ ಹೋಗಿ. ಹತ್ತನ್ನೂ ಒಂದೇ ಸಲ ಕೇಳಬೇಡಿ, ತಾಳ ಒಂದೇ ಆದ್ದರಿಂದ ಕಿವಿ ದಣಿಯುತ್ತದೆ. ಕಲಾವತಿಯಿಂದ ಶುರು ಮಾಡಿ, ಆಮೇಲೆ ಮಾಲ್ಕಂಸ್. ಮೊದಲ ಸಲ ಕೆಳಗಿನ ಸಾಲನ್ನು ಮಾತ್ರ ಹಿಂಬಾಲಿಸಿ, ಎರಡನೇ ಸಲ ಮೇಲಿನದನ್ನು. ಮನೆಯಲ್ಲಿ ಹಾಡು ಕಲಿತ ಹಿರಿಯರಿದ್ದರೆ ಅವರನ್ನೂ ಕೂರಿಸಿಕೊಳ್ಳಿ, ಬೈದರೆ ಬೈಯಲಿ. ನಮ್ಮ ಅತ್ತೆ ಈಗಲೂ ತೋಡಿ ಹಾಕಿದರೆ ಎದ್ದು ಹೋಗುತ್ತಾರೆ. ಮಾಲ್ಕಂಸ್ ಮಾತ್ರ ಅವರೇ ಕೇಳಿ ಹಾಕಿಸಿಕೊಳ್ಳುತ್ತಾರೆ.

ನಮಸ್ಕಾರ.