ಒಬ್ಬ ನಟ, ಊರು ತುಂಬ ದನಿ: ಮಾರ್ಟಿನ್ ಜಾರ್ವಿಸ್

ನಮಸ್ಕಾರ ಎಲ್ಲರಿಗೂ.

ಟೈಟಾನಿಕ್ ಸಿನಿಮಾ ನೋಡದವರು ಕಡಿಮೆ. ಫಸ್ಟ್ ಕ್ಲಾಸ್ ಊಟಕ್ಕೆ ಹೋಗುವ ಮುಂಚೆ ರೋಸ್ ಅಲ್ಲಿರುವ ಸಿರಿವಂತರನ್ನೆಲ್ಲ ಜ್ಯಾಕ್‌ಗೆ ಒಬ್ಬೊಬ್ಬರಾಗಿ ತೋರಿಸುತ್ತಾಳಲ್ವಾ, ಅದರಲ್ಲಿ ಒಂದು ಜೋಡಿ ಸರ್ ಕಾಸ್ಮೊ ಡಫ್ ಗಾರ್ಡನ್ ಮತ್ತು ಅವರ ಹೆಂಡತಿ ಲೂಸಿಲ್. ಇವರು ನಿಜವಾಗಿ ಬದುಕಿದ್ದವರು. 40 ಜನ ಹಿಡಿಸುವ ಲೈಫ್‌ಬೋಟಿನಲ್ಲಿ ಬರೀ 12 ಜನ ಪಾರಾದರು ಅಂತ ಆಮೇಲೆ ದೊಡ್ಡ ಗಲಾಟೆ ಆಯಿತಲ್ಲ, ಆ ಬೋಟಿನಲ್ಲಿ ಇದ್ದವರು. ಸಿನಿಮಾದಲ್ಲಿ ಕಾಸ್ಮೊ ಪಾತ್ರ ಮಾಡಿದವರು ಮಾರ್ಟಿನ್ ಜಾರ್ವಿಸ್. ಲೂಸಿಲ್ ಪಾತ್ರ ಮಾಡಿದವರು ರೋಸಲಿಂಡ್ ಏರ್ಸ್. ನಿಜ ಜೀವನದಲ್ಲೂ ಇವರಿಬ್ಬರು ಗಂಡ ಹೆಂಡತಿ.

[ಪರದೆ ಮೇಲೆ: ಹಳೆಯ ರೇಡಿಯೋ, ಪಕ್ಕದಲ್ಲಿ ಕ್ಯಾಸೆಟ್‌ಗಳು]

ಆ ದೊಡ್ಡ ಸಿನಿಮಾದಲ್ಲಿ ಜಾರ್ವಿಸ್ ಕಾಣುವುದು ಸ್ವಲ್ಪ ಹೊತ್ತು ಮಾತ್ರ. ಹಾಗಾಗಿ ಹೆಸರು ಗೊತ್ತಿಲ್ಲದಿದ್ದರೆ ಅದೇನೂ ದೊಡ್ಡ ವಿಷಯವಲ್ಲ. ಆದರೆ ಇಂಗ್ಲೆಂಡಿನಲ್ಲಿ ರೇಡಿಯೋ ಕೇಳಿ ಬೆಳೆದವರಿಗೆ ಈ ಮನುಷ್ಯ ಮನೆಯವರಷ್ಟೇ ಪರಿಚಿತ. ದನಿಯ ಕೆಲಸ ಅಂದರೆ ನಟರು ಸಿನಿಮಾ ಇಲ್ಲದಾಗ ಸೈಡಲ್ಲಿ ಮಾಡಿಕೊಳ್ಳುವ ಕೆಲಸ ಅಂತ ತುಂಬ ಜನ ಅಂದುಕೊಂಡಿದ್ದಾರೆ. ನನಗೆ ಅದನ್ನು ಒಪ್ಪೋಕೆ ಆಗುವುದಿಲ್ಲ. ಜಾರ್ವಿಸ್ ಅವರ ವಿಷಯದಲ್ಲಂತೂ ಅವರ ನಟನೆಯ ದೊಡ್ಡ ಪಾಲು ಇರುವುದೇ ಮೈಕ್ ಮುಂದೆ. ಯಾಕೆ ಅಂತ ನೋಡೋಣ.

ಮೊದಲು ಪರದೆಯ ಕಥೆ ಬೇಗ ಮುಗಿಸಿಬಿಡ್ತೀನಿ. ಹುಟ್ಟಿದ್ದು 1941ರಲ್ಲಿ, ಚೆಲ್ಟನ್‌ಹ್ಯಾಮ್ ಊರಲ್ಲಿ. ನಟನೆ ಕಲಿತದ್ದು ಲಂಡನ್ನಿನ ರಾಡಾ ಅನ್ನೋ ನಾಟಕ ಶಾಲೆಯಲ್ಲಿ. 1965ರಲ್ಲಿ ಡಾಕ್ಟರ್ ಹೂ ಅನ್ನೋ ಬಿಬಿಸಿಯ ವೈಜ್ಞಾನಿಕ ಕಲ್ಪನೆಯ ಸೀರಿಯಲ್ಲಿನಲ್ಲಿ ಚಿಟ್ಟೆಯಂಥ ಒಂದು ಜೀವಿಯ ಪಾತ್ರ ಸಿಕ್ಕಿತು. ರೆಕ್ಕೆ, ಮುಖವಾಡ, ಮೈ ತುಂಬ ವೇಷ. ನಟನ ಕೈಯಲ್ಲಿ ಉಳಿಯುವುದು ದನಿ ಮತ್ತು ಕೈಸನ್ನೆ ಅಷ್ಟೇ. ಎರಡು ವರ್ಷದ ನಂತರ, 1967ರಲ್ಲಿ, ಬಿಬಿಸಿಯ ದಿ ಫೋರ್ಸೈಟ್ ಸಾಗಾ ಬಂತು. ಕಪ್ಪು ಬಿಳುಪಿನ 26 ಕಂತು. ಅದರಲ್ಲಿ ಜಾರ್ವಿಸ್, ಜಾನ್ ಫೋರ್ಸೈಟ್ ಅನ್ನೋ ಹುಡುಗ. ಸೀರಿಯಲ್ ಭಾನುವಾರ ಸಂಜೆ ಮರುಪ್ರಸಾರ ಆದಾಗ ಕೆಲವು ಚರ್ಚುಗಳು ಸಂಜೆ ಪ್ರಾರ್ಥನೆಯ ಸಮಯವನ್ನೇ ಬದಲಾಯಿಸಿದವು. ನಮ್ಮಲ್ಲಿ ದೂರದರ್ಶನದಲ್ಲಿ ರಾಮಾಯಣ ಬರುವಾಗ ಬೀದಿ ಖಾಲಿಯಾಗುತ್ತಿತ್ತಲ್ಲ, ಹೆಚ್ಚುಕಡಿಮೆ ಹಾಗೇ. ಆಮೇಲೆ ಡಿಕನ್ಸ್ ಕಾದಂಬರಿ ಡೇವಿಡ್ ಕಾಪರ್‌ಫೀಲ್ಡ್ ಅನ್ನು ಬಿಬಿಸಿ 1974ರಲ್ಲಿ ಸೀರಿಯಲ್ ಮಾಡಿದಾಗ ಇವರು ಯೂರಾಯಾ ಹೀಪ್ ಆದರು, ಅಂದರೆ ಕೈ ಹೊಸಕಿಕೊಂಡು, ಸಾರ್ ನಾನು ತೀರಾ ಸಣ್ಣವನು ಅಂತ ಹಲ್ಲು ಕಿರಿಯುತ್ತಲೇ ಒಳಗೊಳಗೆ ಎಲ್ಲರಿಗೂ ಹಳ್ಳ ತೋಡುವ ಆ ಗುಮಾಸ್ತ. ನಾಟಕದಲ್ಲೂ ಅಷ್ಟೇ, 2001ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ವುಡ್‌ಹೌಸ್ ಕಥೆಯ ಜಾಣ ಸೇವಕ ಜೀವ್ಸ್ ಆಗಿ ನಿಂತರು.

ಈಗ ಅಸಲಿ ವಿಷಯಕ್ಕೆ ಬರೋಣ.

[ಪರದೆ ಮೇಲೆ: ಮಣ್ಣು ಮೆತ್ತಿದ ಸಾಕ್ಸ್, ವಾರೆಯಾದ ಶಾಲೆಯ ಟೋಪಿ ಹಾಕಿದ ಹುಡುಗನ ಗೆರೆಚಿತ್ರ]

ಇಂಗ್ಲೆಂಡಿನಲ್ಲಿ ರಿಚ್ಮಲ್ ಕ್ರಾಂಪ್ಟನ್ ಅನ್ನೋ ಲೇಖಕಿ ಇದ್ದರು. 1919ರಿಂದ ಸುಮಾರು ಐವತ್ತು ವರ್ಷ ವಿಲಿಯಂ ಅನ್ನೋ ಹುಡುಗನ ಕಥೆ ಬರೆದರು. ಅಷ್ಟೂ ವರ್ಷ ಅವನಿಗೆ ಹನ್ನೊಂದೇ ವಯಸ್ಸು! ಮೈಯೆಲ್ಲ ಮಣ್ಣು, ಜೊತೆಗೆ ಮೂವರು ಗೆಳೆಯರು, ಒಂದು ನಾಯಿ. ಒಳ್ಳೇದು ಮಾಡೋಕೆ ಹೋಗಿ ಇಡೀ ಊರನ್ನು ತಲೆಕೆಳಗು ಮಾಡಿ ಬರುತ್ತಾನೆ. 1970ರ ದಶಕದಿಂದ ಜಾರ್ವಿಸ್ ಈ ಕಥೆಗಳನ್ನು ಬಿಬಿಸಿ ರೇಡಿಯೋದಲ್ಲಿ ಓದತೊಡಗಿದರು. ಆಮೇಲೆ ಕ್ಯಾಸೆಟ್ ಬಂತು, ಸಿಡಿ ಬಂತು, ಡೌನ್‌ಲೋಡ್ ಬಂತು. ಜನ ಕೇಳುತ್ತಲೇ ಹೋದರು.

ಅವರು ಓದುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಹುಡುಗನ ಪಾತ್ರ ಅಂದರೆ ಸಾಮಾನ್ಯವಾಗಿ ದೊಡ್ಡವರು ಏನು ಮಾಡ್ತಾರೆ? ಕೀರಲು ದನಿ ತೆಗೀತಾರೆ. ಜಾರ್ವಿಸ್ ಹಾಗೆ ಮಾಡಲಿಲ್ಲ. ಅವರ ವಿಲಿಯಂ ದನಿ ಗೊಗ್ಗರು, ಒರಟು. ಕೂಗಿ ಕೂಗಿ ಗಂಟಲು ಕಟ್ಟಿದ ಹುಡುಗ ಅಂತ ಕೇಳಿದ ಕೂಡಲೇ ಗೊತ್ತಾಗುತ್ತದೆ. ಪದಗಳ ಕೊನೆ ನುಂಗುತ್ತಾನೆ, ಯಾರೋ ಅನ್ಯಾಯ ಮಾಡಿದರು ಅನ್ನೋ ಹಾಗೆ ಗೊಣಗುತ್ತಾನೆ. ಅದೇ ಉಸಿರಲ್ಲಿ ವಯಲೆಟ್ ಎಲಿಜಬೆತ್ ಬರುತ್ತಾಳೆ. ಶ್ರೀಮಂತರ ಮಗಳು, ನಾಲಿಗೆ ತೊದಲುತ್ತದೆ, ತನ್ನ ಮಾತು ನಡೆಯದಿದ್ದರೆ ಕಾಯಿಲೆ ಬರೋ ತನಕ ಕಿರಿಚುತ್ತೀನಿ ಅಂತ ಹೆದರಿಸುತ್ತಾಳೆ. ಹಿಂದೆಯೇ ವಿಲಿಯಂ ಅಪ್ಪನ ಸುಸ್ತಾದ ದನಿ. ಇದೆಲ್ಲದರ ನಡುವೆ ಕಥೆ ಹೇಳುವವರ ದನಿ ಮಾತ್ರ ಬಲು ಗಂಭೀರ. ಹುಡುಗರ ಒಂದು ಜಗಳವನ್ನು ಪಾರ್ಲಿಮೆಂಟಿನ ಸುದ್ದಿ ಓದುವಷ್ಟು ಮರ್ಯಾದೆಯಿಂದ ಹೇಳುತ್ತಾರೆ. ನಗು ಬರುವುದು ಅಲ್ಲಿಂದಲೇ. ಅವರು ವಿಲಿಯಂನನ್ನು ಒಂದು ಸಲವೂ ಮೇಲಿನಿಂದ ನೋಡುವುದಿಲ್ಲ, ನನಗೆ ತುಂಬ ಇಷ್ಟವಾಗುವುದು ಇದೇ.

ಇದರಲ್ಲಿ ಒಂದು ಕಷ್ಟ ಇದೆ. ಇಂಗ್ಲಿಷ್ ಕಥೆಯಲ್ಲಿ ಮಾತು ಮೊದಲು ಬರುತ್ತದೆ, ಅದನ್ನು ಯಾರು ಹೇಳಿದರು, ಪಿಸುಗುಟ್ಟಿದರಾ ಕಿರುಚಿದರಾ ಅನ್ನೋದು ಆಮೇಲೆ ಬರುತ್ತದೆ. ಕಣ್ಣಲ್ಲಿ ಓದುವವರಿಗೆ ಪರವಾಗಿಲ್ಲ. ಗಟ್ಟಿಯಾಗಿ ಓದುವವರು ಮಾತ್ರ ಬಾಯಿ ತೆರೆಯುವ ಮುಂಚೆಯೇ ಇದು ಯಾರ ದನಿ ಅಂತ ತೀರ್ಮಾನಿಸಿರಬೇಕು. ಅದಕ್ಕೇ ಪುಸ್ತಕ ಪೂರ್ತಿ ಮೊದಲೇ ಓದಿ, ಗುರುತು ಹಾಕಿಕೊಂಡು ಸ್ಟುಡಿಯೋಗೆ ಹೋಗಬೇಕಾಗುತ್ತದೆ.

[ಪರದೆ ಮೇಲೆ: ಸಣ್ಣ ರೆಕಾರ್ಡಿಂಗ್ ಬೂತ್, ಮೈಕ್, ನೀರಿನ ಲೋಟ]

ಆಡಿಯೋಬುಕ್ ರೆಕಾರ್ಡಿಂಗ್ ಬಗ್ಗೆಯೂ ಇಲ್ಲೇ ಹೇಳಿಬಿಡ್ತೀನಿ. ಬೂತ್ ಎಷ್ಟು ನಿಶ್ಶಬ್ದ ಅಂದರೆ ಹೊಟ್ಟೆ ಗುರ್ ಅಂದರೂ ಮೈಕ್ ಹಿಡಿಯುತ್ತದೆ. ಅಂಗಿ ಸರಬರ ಅಂದರೂ ಹಿಡಿಯುತ್ತದೆ. ಹಾಗಾಗಿ ಮೆತ್ತಗಿನ ಬಟ್ಟೆ, ಹದವಾದ ಊಟ. ಬಾಯಿ ಒಣಗಿ ಚಟ್ ಚಟ್ ಸದ್ದು ಬಂದರೆ ನೀರು ಕುಡೀತಾರೆ, ಕೆಲವರು ಹಸಿರು ಸೇಬು ಕಚ್ಚುತ್ತಾರೆ. ತಪ್ಪಿದರೆ ಎಂಜಿನಿಯರ್ ಕೆಲವು ಸೆಕೆಂಡ್ ಹಿಂದಕ್ಕೆ ಹೋಗಿ ಪ್ಲೇ ಮಾಡುತ್ತಾರೆ, ಓದುವವರು ಅದೇ ಲಯದಲ್ಲಿ, ಅದೇ ಜೋರಿನಲ್ಲಿ ಮತ್ತೆ ಹತ್ತಿಕೊಳ್ಳಬೇಕು. ಸೋಮವಾರ ಬಂದ ಒಂದು ಪಾತ್ರ ಗುರುವಾರ ಮತ್ತೆ ಬಂದರೆ ದನಿ ಒಂದಿಷ್ಟೂ ಬದಲಾಗಬಾರದು. ದೊಡ್ಡ ಕಾದಂಬರಿಯಲ್ಲಿ ಹೀಗೆ ಹತ್ತಾರು ಜನ. ಸಿನಿಮಾದಲ್ಲಿ ಒಂದು ಪಾತ್ರ ಕೊಡ್ತಾರೆ, ಇಲ್ಲಿ ಇಡೀ ಊರನ್ನೇ ಕೊಡ್ತಾರೆ.

ಈಗ ನನಗೆ ತುಂಬ ಖುಷಿ ಕೊಡುವ ಒಂದು ಸಂಗತಿ. ಟೆರ್ರಿ ಪ್ರ್ಯಾಚೆಟ್ ಮತ್ತು ನೀಲ್ ಗೇಮನ್ 1990ರಲ್ಲಿ ಗುಡ್ ಒಮೆನ್ಸ್ ಅನ್ನೋ ಕಾದಂಬರಿ ತಂದರು. ಒಬ್ಬ ದೇವದೂತ, ಒಬ್ಬ ದೆವ್ವ, ಲೋಕವನ್ನೇ ಮುಗಿಸಬೇಕಾದ ಒಬ್ಬ ಹನ್ನೊಂದು ವರ್ಷದ ಹುಡುಗ, ಅವನ ಜೊತೆ ಮೂವರು ಗೆಳೆಯರು, ಒಂದು ನಾಯಿ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಹೌದು, ಆ ಪುಸ್ತಕದ ಮೊದಲ ಕಲ್ಪನೆಯೇ ವಿಲಿಯಂ ಅಂಥ ಹುಡುಗ ಲೋಕಾಂತ್ಯ ತರಬೇಕಾದವನಾಗಿದ್ದರೆ ಹೇಗಿರುತ್ತೆ ಅನ್ನೋದು. ಆ ಪುಸ್ತಕವನ್ನು ಹನ್ನೆರಡು ಗಂಟೆಗೂ ಹೆಚ್ಚು ಹೊತ್ತಿನ ಆಡಿಯೋಬುಕ್ ಆಗಿ ಓದಿದ್ದು ಮಾರ್ಟಿನ್ ಜಾರ್ವಿಸ್! ಪುಟದ ಕೆಳಗೆಲ್ಲ ಟಿಪ್ಪಣಿ ತುಂಬಿರುವ ಪುಸ್ತಕ ಅದು. ಓದುವವರು ಕಥೆಯ ನಡುವೆ ಟಿಪ್ಪಣಿಗೆ ಹೋಗಿ, ಕೇಳುಗರ ಕೈ ಬಿಡದೆ ವಾಪಸ್ ಬರಬೇಕು. ಎಷ್ಟೋ ವರ್ಷ ವಿಲಿಯಂ ಜೊತೆ ಇದ್ದವರಿಗಿಂತ ಇದಕ್ಕೆ ಹೊಂದುವವರು ಇನ್ಯಾರು ಹೇಳಿ.

ರೇಡಿಯೋ ನಾಟಕ ಮತ್ತೊಂದು ಥರದ ಕೆಲಸ. ಆಕಾಶವಾಣಿ ನಾಟಕ ಕೇಳಿ ಬೆಳೆದವರಿಗೆ ಇದರ ರುಚಿ ಗೊತ್ತು. ಮೈಕಿಗೆ ಬಾಯಿ ಹತ್ತಿರ ತಂದರೆ ಪಾತ್ರ ನಮ್ಮ ಕಿವಿಯಲ್ಲೇ ಹೇಳಿದ ಹಾಗೆ, ಎರಡು ಹೆಜ್ಜೆ ಹಿಂದೆ ಸರಿದರೆ ಕೋಣೆಯ ಆ ಕಡೆ ಇದ್ದ ಹಾಗೆ. ಜಾರ್ವಿಸ್ ಮತ್ತು ರೋಸಲಿಂಡ್ ಸೇರಿ ಜಾರ್ವಿಸ್ ಅಂಡ್ ಏರ್ಸ್ ಅನ್ನೋ ಕಂಪನಿ ಕಟ್ಟಿ ಬಿಬಿಸಿಗೆ ಇಂಥ ನಾಟಕ ಮಾಡಿಕೊಟ್ಟರು. 2008ರಲ್ಲಿ, ಬಾಂಡ್ ಕಥೆಗಳನ್ನು ಬರೆದ ಇಯಾನ್ ಫ್ಲೆಮಿಂಗ್ ಹುಟ್ಟಿ ನೂರು ವರ್ಷ ಆದಾಗ, ಬಿಬಿಸಿ ರೇಡಿಯೋ 4ರಲ್ಲಿ ಜೇಮ್ಸ್ ಬಾಂಡ್‌ನ ಡಾಕ್ಟರ್ ನೋ ಬಂತು. ಬಾಂಡ್ ಆದವರು ಟೋಬಿ ಸ್ಟೀಫನ್ಸ್. 2002ರ ಬಾಂಡ್ ಸಿನಿಮಾದಲ್ಲಿ ಇವರೇ ವಿಲನ್! ವಿಲನ್ ಡಾಕ್ಟರ್ ನೋ ಆಗಿ, ಟಿವಿಯಲ್ಲಿ ಪತ್ತೇದಾರ ಪ್ವಾರೋ ಪಾತ್ರದಿಂದ ಹೆಸರಾದ ಡೇವಿಡ್ ಸೂಶೆ. 2010ರಲ್ಲಿ ಗೋಲ್ಡ್‌ಫಿಂಗರ್ ಮಾಡಿದಾಗ ವಿಲನ್ ಇಯಾನ್ ಮೆಕೆಲನ್. ಇಷ್ಟು ಜನರನ್ನು ಒಂದು ಸಿನಿಮಾಗೆ ಸೇರಿಸೋಕೆ ಎಷ್ಟು ಖರ್ಚಾಗುತ್ತೆ ಯೋಚಿಸಿ. ರೇಡಿಯೋದಲ್ಲಿ ಮೇಕಪ್ ಬೇಡ, ಸೆಟ್ ಬೇಡ, ವಯಸ್ಸು ಹೊಂದಬೇಕಾಗಿಲ್ಲ. ಜಾರ್ವಿಸ್ ಈ ನಾಟಕಗಳನ್ನು ನಿರ್ದೇಶಿಸಿದರು, ಜೊತೆಗೆ ಕಥೆ ಹೇಳುವ ಫ್ಲೆಮಿಂಗ್ ದನಿಯೂ ಅವರದೇ.

ವಿಡಿಯೋ ಗೇಮ್ ಆಡುವವರಿಗೆ ಒಂದು ಮಾತು. ಬ್ಯಾಟ್‌ಮ್ಯಾನ್ ಆರ್ಕಮ್ ಸಿಟಿ ಆಡಿದ್ದರೆ ಇವರ ದನಿ ನೀವು ಆಗಲೇ ಕೇಳಿದ್ದೀರಿ. ಅದರಲ್ಲಿ ಬ್ಯಾಟ್‌ಮ್ಯಾನ್ ಮನೆಯ ಬಟ್ಲರ್ ಆಲ್ಫ್ರೆಡ್ ಇವರೇ. 2000ದಲ್ಲಿ ಬ್ರಿಟನ್ ಇವರಿಗೆ ಓಬಿಇ ಅನ್ನೋ ಸರ್ಕಾರಿ ಗೌರವ ಕೊಟ್ಟಿತು.

ಎಲ್ಲಿಂದ ಶುರು ಮಾಡೋದು ಅಂತ ಕೇಳಿದರೆ, ನಾನು ವಿಲಿಯಂ ಅಂತೀನಿ. ಬಿಡಿ ಬಿಡಿ ಕಥೆಗಳು, ಅಡುಗೆ ಮಾಡುತ್ತಾ ಒಂದನ್ನು ಮುಗಿಸಬಹುದು. ಬ್ರಿಟಿಷ್ ಇಂಗ್ಲಿಷ್ ಕಿವಿಗೆ ಹೊಸದಾಗಿದ್ದರೆ ವೇಗ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ, ಎರಡನೇ ಕಥೆಗೆ ಅಭ್ಯಾಸ ಆಗುತ್ತದೆ. ಆಮೇಲೆ ಡಾಕ್ಟರ್ ನೋ ನಾಟಕ. ಅದನ್ನು ಇಯರ್‌ಫೋನ್ ಹಾಕಿಕೊಂಡೇ ಕೇಳಿ. ಗುಡ್ ಒಮೆನ್ಸ್ ದೊಡ್ಡದು, ಬೆಂಗಳೂರಿಂದ ಊರಿಗೆ ರಾತ್ರಿ ಬಸ್ ಹತ್ತುವವರಿಗೆ ಹೋಗಿ ಬರೋ ಅಷ್ಟೂ ದಾರಿಗೆ ಸಾಕು. ಯಾವುದು ಕೇಳಿದಿರಿ, ಯಾವ ದನಿ ಹಿಡಿಸಿತು ಅಂತ ಕಾಮೆಂಟಲ್ಲಿ ಬರೆಯಿರಿ.